ಮದ್ದಿನ ಪೊಟ್ಟಣವೂ ಮಾತನಾಡಬೇಕು: ಹಿರಿಯರಿರುವ ಮನೆಗಳಲ್ಲಿ ಇರಲಿ ಎಚ್ಚರ

ಮುಂಬಯಿ: ವೈದ್ಯರು ಸರಿಯಾದ ಮದ್ದನ್ನೇ ಬರೆದುಕೊಡುತ್ತಾರೆ. ಮೆಡಿಕಲ್ ಸ್ಟೋರಿನವರು ಕೊಡುವುದೂ ಸರಿಯಾಗಿಯೇ ಇರುತ್ತದೆ. ಆದರೂ ಮನೆಗೆ ಬಂದ ಮೇಲೆ ತಪ್ಪು ಮಾತ್ರೆ ಹೊಟ್ಟೆಗೆ ಸೇರುವುದುಂಟು. ಸ್ಟ್ರಿಪ್‌ಗಳೆಲ್ಲ ಬೆಳ್ಳಿ ಬಣ್ಣದವು, ಅಕ್ಷರಗಳು ಸಾಸಿವೆ ಕಾಳಿನಷ್ಟು, ಬರಹ ಇಂಗ್ಲಿಷಿನಲ್ಲಿ. ಮಕ್ಕಳು ಬೆಳಗ್ಗೆ ಲೋಕಲ್ ಹಿಡಿದು ಕೆಲಸಕ್ಕೆ ಹೊರಟ ಬಳಿಕ ಡೊಂಬಿವಲಿ, ಮೀರಾರೋಡ್‌ಗಳ ಮನೆಗಳಲ್ಲಿ ಒಂಟಿಯಾಗಿ ಉಳಿಯುವ, ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಈ ಸ್ಟ್ರಿಪ್ ಏನನ್ನೂ ಹೇಳುವುದಿಲ್ಲ. ಔಷಧ ಬಳಕೆಯಲ್ಲಾಗುವ ತಪ್ಪುಗಳನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಜಾಗತಿಕ ಅಭಿಯಾನವನ್ನೇ ಆರಂಭಿಸಿತ್ತು. ಪೊಟ್ಟಣದ ವಿನ್ಯಾಸವೂ ಚಿಕಿತ್ಸೆಯ ಒಂದು ಭಾಗ ಎಂಬುದು ಈಗ ಒಪ್ಪಿತವಾದ ಮಾತು.

ಒಂದೇ ಮದ್ದು, ಎರಡು ಹೆಸರು

ಬಿಪಿಯ ಒಂದೇ ಮದ್ದನ್ನು ಹಲವು ಕಂಪೆನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ. ಒಂದು ಕಂಪೆನಿಯದು ಸಿಗದಿದ್ದಾಗ ಇನ್ನೊಂದು ಕಂಪೆನಿಯದನ್ನು ಮನೆಗೆ ತರುವುದು ಸಾಮಾನ್ಯ. ಹಳೆಯ ಸ್ಟ್ರಿಪ್‌ನಲ್ಲಿ ನಾಲ್ಕು ಮಾತ್ರೆ ಉಳಿದಿದ್ದರೆ ಹಿರಿಯರು ಎರಡನ್ನೂ ನುಂಗುವ ಸಂಭವವಿದೆ. ಆಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದರೆ ಮೂಳೆ ಮುರಿತ. ಇಂಥ ಗೊಂದಲ ತಪ್ಪಿಸಲು 2018ರಿಂದ ಔಷಧದ ಮೂಲ ಹೆಸರನ್ನು ಕಂಪೆನಿ ಇಟ್ಟ ಹೆಸರಿಗಿಂತ ಕನಿಷ್ಠ ಎರಡು ಅಳತೆ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಬೇಕೆಂಬ ನಿಯಮ ಬಂದಿದೆ. ಮೂರು ಅಥವಾ ಹೆಚ್ಚು ಔಷಧಗಳ ಮಿಶ್ರಣಕ್ಕೆ ಇದರಿಂದ ವಿನಾಯಿತಿ ಇದೆ. ಹೊಸ ಸ್ಟ್ರಿಪ್ ಮನೆಗೆ ಬಂದ ಕೂಡಲೇ ಹಳೆಯದರ ಪಕ್ಕದಲ್ಲಿಟ್ಟು ಮೂಲ ಹೆಸರು ಮತ್ತು ಮಿಲಿಗ್ರಾಂ ಎರಡನ್ನೂ ತಾಳೆ ನೋಡುವುದು ಮನೆಯವರ ಕರ್ತವ್ಯ.

2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರಾಂಡ್‌ಗಳ ಪೊಟ್ಟಣದ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಅದರಲ್ಲಿರುತ್ತವೆ. ಅಜ್ಜನಿಗೆ ಓದಲಾಗದ್ದನ್ನು ಮೊಮ್ಮಗ ಮೊಬೈಲಿನಲ್ಲಿ ಓದಿ ಹೇಳಬಹುದು. ಆದರೆ ನಾಲ್ಕೇ ಮಾತ್ರೆ ಸಾಕೆಂದು ಸ್ಟ್ರಿಪ್ ಕತ್ತರಿಸಿ ತಂದರೆ ಹೆಸರೂ ದಿನಾಂಕವೂ ಅಂಗಡಿಯಲ್ಲೇ ಉಳಿದುಬಿಡುತ್ತವೆ. ಬಿಡಿ ಮಾತ್ರೆ ಕೊಳ್ಳುವವರು ಈ ವಿವರಗಳನ್ನು ಅಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಇನ್ಸುಲಿನ್ ಲೆಕ್ಕ

ಮಧುಮೇಹಿಗಳು ಇನ್ನೂ ಹೆಚ್ಚು ಜಾಗರೂಕರಾಗಿರಬೇಕು. ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂದು ಎರಡು ಪ್ರಮಾಣಗಳಲ್ಲಿ ಸಿಗುತ್ತದೆ. ಸಿರಿಂಜುಗಳೂ ಬೇರೆ ಬೇರೆ. ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್, ಅಂದರೆ ಎರಡೂವರೆ ಪಟ್ಟು. ಸಕ್ಕರೆಯ ಅಂಶ ಕುಸಿದು ಪ್ರಜ್ಞೆ ತಪ್ಪಲು, ಪ್ರಾಣಕ್ಕೇ ಅಪಾಯವಾಗಲು ಅಷ್ಟು ಸಾಕು. ಬಾಟಲಿಯ ಅಂಕಿ ಮತ್ತು ಸಿರಿಂಜಿನ ಅಂಕಿ ಒಂದೇ ಆಗಿರಬೇಕು ಎಂಬುದನ್ನು ಮನೆಮಂದಿಯೆಲ್ಲ ತಿಳಿದಿರಬೇಕು.

ಮಾದರಿ ನಮ್ಮಲ್ಲೇ ಇತ್ತು

ಓದು ಬಾರದವರಿಗೂ ಅರ್ಥವಾಗುವ ಪೊಟ್ಟಣ ನಮ್ಮ ದೇಶಕ್ಕೆ ಹೊಸತಲ್ಲ. 1890ರಿಂದ ಕುಷ್ಠರೋಗಿಗಳ ಸೇವೆ ಕಂಡ ವಡಾಲದ ಆಕ್ವರ್ತ್ ಆಸ್ಪತ್ರೆಯನ್ನು ಮುಂಬಯಿಗರು ಬಲ್ಲರು. ಆ ರೋಗದ ಬಹುಔಷಧ ಚಿಕಿತ್ಸೆಯ ಮಾತ್ರೆಗಳು 28 ದಿನಗಳ ಒಂದೇ ಹಾಳೆಯಲ್ಲಿ ಬಂದವು. ತಿಂಗಳಿಗೊಮ್ಮೆ ಆರೋಗ್ಯ ಕಾರ್ಯಕರ್ತರ ಎದುರು ನುಂಗುವುದು ಬೇರೆ, ದಿನವೂ ನುಂಗುವುದು ಬೇರೆ. ದೊಡ್ಡವರದ್ದಕ್ಕೊಂದು ಬಣ್ಣ, ಮಕ್ಕಳದ್ದಕ್ಕೊಂದು ಬಣ್ಣ. ಬಡವರಿಗಾಗಿ ಉಚಿತವಾಗಿ ಬಂದ ಮದ್ದಿನಲ್ಲಿದ್ದ ಈ ಕಾಳಜಿ ಹಣ ಕೊಟ್ಟು ಕೊಳ್ಳುವ ಮದ್ದಿನಲ್ಲಿ ಕಾಣುವುದು ಅಪರೂಪ.

ಅಮೆರಿಕದಲ್ಲಿ ಡೆಬೊರಾ ಆಡ್ಲರ್ ಎಂಬ ವಿನ್ಯಾಸಕಿಯ ಅಜ್ಜಿ ತಪ್ಪಿ ಅಜ್ಜನ ಮಾತ್ರೆ ನುಂಗಿದ್ದರು. ಅದನ್ನು ಕಂಡ ಮೊಮ್ಮಗಳು ರೂಪಿಸಿದ ಬಾಟಲಿ 2005ರಲ್ಲಿ ಟಾರ್ಗೆಟ್ ಮಳಿಗೆಗಳಿಗೆ ಬಂತು. ದೊಡ್ಡ ಅಕ್ಷರ, ಚಪ್ಪಟೆ ಮುಖ, ಮನೆಯ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಉಂಗುರ. 2015ರಲ್ಲಿ ಆ ಮದ್ದಿನಂಗಡಿಗಳು ಬೇರೆ ಕಂಪೆನಿಗೆ ಮಾರಾಟವಾದ ಬಳಿಕ ಬಾಟಲಿಯೂ ನಿಂತಿತು. ಆದರೆ ಬಣ್ಣದ ಉಪಾಯಕ್ಕೆ ಕಂಪೆನಿಯ ಅಗತ್ಯವಿಲ್ಲ. ತಂದೆಯವರ ಮದ್ದಿಗೆ ಕೆಂಪು ರಬ್ಬರ್ ಬ್ಯಾಂಡ್, ತಾಯಿಯವರದ್ದಕ್ಕೆ ಹಸಿರು ಹಾಕಿದರೂ ಸಾಕು.

ಸಂಘಗಳಿಂದ ಆಗಬಹುದಾದ ಕೆಲಸ

ನಗರದ ಕನ್ನಡ ಸಂಘಗಳು ಏರ್ಪಡಿಸುವ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್ ತಪಾಸಣೆಯ ಜತೆಗೆ ಇನ್ನೊಂದು ಮೇಜು ಇಡಬಹುದು. ಹಿರಿಯರು ಮನೆಯಲ್ಲಿರುವ ಮದ್ದನ್ನೆಲ್ಲ ಒಂದು ಚೀಲದಲ್ಲಿ ತರಲಿ. ವೈದ್ಯರೋ ಫಾರ್ಮಸಿಸ್ಟರೋ ನೋಡಿ ಅವಧಿ ಮೀರಿದ್ದನ್ನು, ಎರಡು ಬಾರಿ ಬಂದದ್ದನ್ನು ಬೇರ್ಪಡಿಸಲಿ. ಉಳಿದವುಗಳ ಮೇಲೆ ಸ್ವಯಂಸೇವಕರು ಚೀಟಿ ಅಂಟಿಸಿ, "ಬಿಪಿಗೆ, ಬೆಳಗ್ಗೆ ಒಂದು, ತಿಂಡಿಯ ನಂತರ" ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡಲಿ. ಖರ್ಚು ಒಂದು ಪೆನ್ನು, ಒಂದಿಷ್ಟು ಕಾಗದ. ತಾಯ್ನುಡಿಯ ಸೇವೆಯೂ ಹೌದು, ಒಂದು ಜೀವ ಉಳಿಸುವ ಕೆಲಸವೂ ಹೌದು.