ಎಣ್ಣೆ ಕುಡಿದ ತೊಗಲಿಗೆ ಮತ್ತೆ ಎಣ್ಣೆಯೇ?

ಆಷಾಢದ ಒಂದು ಮಧ್ಯಾಹ್ನ. ಬೆಂಗಳೂರಿನ ಹೊರವಲಯದ ಕುದುರೆ ಸವಾರಿ ಶಾಲೆಯೊಂದರಲ್ಲಿ, ಲಾಯಕ್ಕೆ ಅಂಟಿಕೊಂಡ ಸಾಮಾನು ಕೋಣೆಯಲ್ಲಿ, ಮಗಳಿಗೆಂದು ಕಾನ್ಪುರದಿಂದ ತರಿಸಿದ ಹೊಸ ಲಗಾಮಿನ ಪೆಟ್ಟಿಗೆ ಬಿಚ್ಚಿದೆ. ಒಣಮೀನಿನ ಅಂಗಡಿ ಮುಂದೆ ಯಾರೋ ಸೀಮೆಎಣ್ಣೆ ಚೆಲ್ಲಿದಂಥ ವಾಸನೆ. ಮಗಳು ಮೂಗು ಮುಚ್ಚಿಕೊಂಡು ಹೊರಗೋಡಿದಳು. ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ ಕೆಳಗಿಟ್ಟರೆ ಐದು ಬೆರಳಿಗೂ ಕಂದು ಬಣ್ಣ. ಅಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಮದ್ದು ಹೇಳಿದರು: ಉಪ್ಪುನೀರು, ವಿನೆಗರ್, ಅಡುಗೆ ಸೋಡಾ, ಬಿಸಿಲು, ನುಸಿಗುಳಿಗೆ. ಆರನೆಯವನಾಗಿ ನಾನು ಎಣ್ಣೆ ಅಂದೆ. ಮೂಲೆಯಲ್ಲಿ ಜೀನು ಒರೆಸುತ್ತಿದ್ದ ಹಿರಿಯ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ತಲೆ ಎತ್ತದೆ, "ಅದು ಆಗ್ಲೇ ಹೊಟ್ಟೆ ಬಿರಿಯ ಎಣ್ಣೆ ಕುಡಿದೈತೆ ಸಾರ್, ಇನ್ನೂ ಕುಡಿಸ್ತೀರಾ?" ಅಂದರು.

ಆರು ಮದ್ದುಗಳಲ್ಲಿ ಐದೂವರೆ ತಪ್ಪು ಎಂದು ಆಮೇಲೆ ತಿಳಿಯಿತು. ಆ ಅರ್ಧ ಸರಿ ಯಾವುದೆಂಬುದು ಮುಂದೆ ಬರುತ್ತದೆ.

ಮೊದಲು ವಾಸನೆಯ ವಿಚಾರ. "ನಾರುತ್ತಿದೆ ಎಂದರೆ ತೊಗಲು ಕೊಳೆತಿದೆ" ಎನ್ನುವವರಿದ್ದಾರೆ. "ನಾರಿದರೇ ಅಸಲಿ ಚರ್ಮ" ಎನ್ನುವವರೂ ಇದ್ದಾರೆ. ಎರಡೂ ನಿಜವಲ್ಲ. ಜೀನು-ಲಗಾಮಿಗೆ ಬಳಸುವ ದಪ್ಪ ತೊಗಲನ್ನು ಹೆಚ್ಚಾಗಿ ಮರದ ತೊಗಟೆಯ ಒಗರಿನಲ್ಲಿ ಹದ ಮಾಡುತ್ತಾರೆ. ಕಾನ್ಪುರದಲ್ಲಿ ಜಾಲಿಮರದ ತೊಗಟೆ. ನಮ್ಮ ದಕ್ಷಿಣದಲ್ಲಿ ಆವರಿಕೆ ಗಿಡದ ತೊಗಟೆ, ಅಳಲೆಕಾಯಿ. 1860ರ ದಶಕದಲ್ಲಿ ಬ್ರಿಟಿಷ್ ಸೇನೆಗಾಗಿ ಸಜ್ಜಿನ ಕಾರ್ಖಾನೆ ಶುರುವಾದ ಊರು ಕಾನ್ಪುರ. ಅಲ್ಲಿಯ ಜೀನುಗಳಿಗೆ ಇವತ್ತು ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ತೊಗಟೆಯ ಹದಕ್ಕೆ ತನ್ನದೇ ಒಂದು ವಾಸನೆಯುಂಟು, ಮಳೆ ಬಿದ್ದ ಮರದ ಹೊಟ್ಟಿನಂಥದ್ದು. ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ಮೂಗಿಗೆ ಹೊಡೆಯುವುದು ಆಮೇಲೆ ಉಣಿಸಿದ ಎಣ್ಣೆ. ಒಗರಿನಿಂದ ಬಿರುಸಾದ ತೊಗಲು ಮೆತ್ತಗಾಗಲಿ ಎಂದು ಎಣ್ಣೆ-ಕೊಬ್ಬು ತಿಕ್ಕುತ್ತಾರೆ, ಅಗ್ಗದ ಸರಕಿಗೆ ಬಹಳ ಸಲ ಮೀನೆಣ್ಣೆ. ಮೀನೆಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಮಟುತ್ತದೆ. ಅದರ ಮೇಲೆ ಬಣ್ಣ ಕಲಸಿದ ದ್ರಾವಕದ ಘಾಟು. ಇಷ್ಟನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ವಾರಗಟ್ಟಲೆ ಲಾರಿಯಲ್ಲಿಟ್ಟರೆ ಇನ್ನೇನಾದೀತು?

ವಾಸನೆಯೇ ಬೆಲೆಯಾಗಿದ್ದ ಕಾಲವೂ ಇತ್ತು. ಭೂರ್ಜ ಮರದ ತೊಗಟೆಯ ಎಣ್ಣೆ ತಿಕ್ಕಿದ ರಷ್ಯಾದ ಚರ್ಮವನ್ನು ಯುರೋಪಿನ ಶ್ರೀಮಂತರು ಅದರ ಹೊಗೆಗಂಪಿಗಾಗಿಯೇ ಕೊಳ್ಳುತ್ತಿದ್ದರು. ಅಂಥ ಚರ್ಮ ಹೊತ್ತ ಹಡಗೊಂದು 1786ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಳಿ ಮುಳುಗಿತು. 1973ರಲ್ಲಿ ಮುಳುಗುಗಾರರಿಗೆ ಅದು ಸಿಕ್ಕಾಗ ಕೆಸರಿನಡಿಯ ಸುರುಳಿಗಳು ಇನ್ನೂ ಬಳಸುವ ಸ್ಥಿತಿಯಲ್ಲಿದ್ದವು. ತೊಗಟೆ, ಎಣ್ಣೆಗಳ ತಾಕತ್ತು ಅಷ್ಟು.

ಇನ್ನು ನನ್ನ ಮದ್ದು. ಹೊಸ ಚಪ್ಪಲಿ ಕಚ್ಚಿದರೆ ಹರಳೆಣ್ಣೆ ಹಚ್ಚುವ ಮನೆಯಲ್ಲಿ ಬೆಳೆದವನು ನಾನು. ಆ ಬುದ್ಧಿ ಚಪ್ಪಲಿಗೆ ಸರಿ, ಲಗಾಮಿಗೆ ಅಲ್ಲ. ಎಣ್ಣೆ ಹೆಚ್ಚಾದ ಪಟ್ಟಿ ಹಿಗ್ಗುತ್ತದೆ, ತೂತುಗಳು ಅಗಲವಾಗುತ್ತವೆ, ಕೈಯಲ್ಲಿ ಜಾರುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಡಿಲವಾಗಿ ಕೂತ ಬಣ್ಣವನ್ನು ಎಣ್ಣೆ ಕರಗಿಸಿ ಹೊರಗೆಳೆದು ತರುತ್ತದೆ. ಒಣಗಿ ಬಿರುಸಾದ ಹಳೆಯ ತೊಗಲಿಗೆ ಎಣ್ಣೆ ಬೇಕು. ನಾರುತ್ತಿರುವ ಹೊಸದಕ್ಕೆ ಕಡಿಮೆಯಾಗಿರುವುದು ಎಣ್ಣೆಯಲ್ಲ, ಗಾಳಿ.

ಬಣ್ಣದ ಬಗ್ಗೆ ನಮ್ಮ ಮನೆಗಳಲ್ಲಿ ಬೇರೂರಿದ ನಂಬಿಕೆ ಉಪ್ಪಿನದು. ಬಣ್ಣ ಬಿಡುವ ಸೀರೆಯನ್ನು ಮೊದಲ ಒಗೆತಕ್ಕೆ ಉಪ್ಪುನೀರಿನಲ್ಲಿ ನೆನೆಸುವುದು ಎಲ್ಲರಿಗೂ ಗೊತ್ತು. ಹತ್ತಿಬಟ್ಟೆಗೆ ಬಣ್ಣ ಹಾಕುವ ಹಂಡೆಯಲ್ಲಿ ಉಪ್ಪಿಗೆ ನಿಜಕ್ಕೂ ಕೆಲಸವಿದೆ, ಅದು ಬಣ್ಣವನ್ನು ನೀರಿನಿಂದ ನೂಲಿನ ಕಡೆಗೆ ತಳ್ಳುತ್ತದೆ. ಆದರೆ ಒಮ್ಮೆ ಹಂಡೆಯಿಂದ ಹೊರಬಂದ ಬಟ್ಟೆಯ ಬಣ್ಣವನ್ನು ಬಕೆಟ್ಟಿನ ಉಪ್ಪು ಕಟ್ಟಿಹಾಕುವುದಿಲ್ಲ. ತೊಗಲಿನ ರಸಾಯನವಂತೂ ಬೇರೆಯೇ. ಅಲ್ಲಿ ಬಣ್ಣ ಕಚ್ಚಿಕೊಳ್ಳುವುದು ಆಮ್ಲದಿಂದ, ಸಾಮಾನ್ಯವಾಗಿ ಫಾರ್ಮಿಕ್ ಆಮ್ಲದಿಂದ, ಅದೂ ಹದ ಮಾಡುವ ಪೀಪಾಯಿಯಲ್ಲಿ ತೊಗಲು ಪೂರ್ತಿ ನೆನೆದಿರುವಾಗ. "ಹಾಗಿದ್ದರೆ ವಿನೆಗರ್ ಕೂಡ ಆಮ್ಲವಲ್ಲವೇ?" ಹೌದು. ಆದರೆ ಹೊಲಿದು ಮುಗಿದ ಪಟ್ಟಿಯ ಮೇಲೆ ಸವರಿದ ವಿನೆಗರ್ ಬಣ್ಣ ಹಿಡಿಸುವುದಿಲ್ಲ. ಅದು ಉಪಯೋಗಕ್ಕೆ ಬರುವುದು ಬೂಷ್ಟಿಗೆ: ನೀರು ಬೆರೆಸಿ ಬಟ್ಟೆ ಅದ್ದಿ ಹಿಂಡಿ ಒರೆಸಿದರೆ ಮೇಲ್ಮೈಯ ಬೂಷ್ಟು, ಅದರ ಮುಗ್ಗಲು ವಾಸನೆ ಕಡಿಮೆಯಾಗುತ್ತವೆ. ಅರ್ಧ ಸರಿ ಅಂದದ್ದು ಇದನ್ನೇ.

ಬೆರಳಿಗೆ ಅಂಟುವುದು ಕಚ್ಚಿಕೊಂಡ ಬಣ್ಣವಲ್ಲ, ಮಿಕ್ಕಿದ ಬಣ್ಣ. ಪಟ್ಟಿ ಕತ್ತರಿಸಿದ ಮೇಲೆ ಅಂಚಿಗೂ ಒಳಮೈಗೂ ಕೈಯಿಂದ ಬಳಿದದ್ದು ಪುಡಿಯಾಗಿ ಅಲ್ಲೇ ಉಳಿದಿರುತ್ತದೆ. ಒಣಗಿದ್ದಾಗ ಸುಮ್ಮನಿದ್ದು, ಕುದುರೆ ಬೆವೆತಾಗ ಹೊರಬರುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಓಡಿದ ಕುದುರೆಯ ಕತ್ತಿನ ಮೇಲೆ, ಲಗಾಮು ಉಜ್ಜುವಲ್ಲಿ ಬಿಳಿ ನೊರೆ ಏಳುವುದನ್ನು ನೋಡಿರಬಹುದು. ಕುದುರೆಯ ಬೆವರಿನಲ್ಲಿ ಲ್ಯಾಥರಿನ್ ಎಂಬ ಪ್ರೋಟೀನು ಇದೆ, ಸೋಪಿನ ಗುಣದ್ದು. ಎಣ್ಣೆಗೂದಲಿನ ಮೇಲೆ ಬೆವರು ಹರಡಿ ಬೇಗ ಆರಲೆಂದು ಪ್ರಕೃತಿ ಮಾಡಿದ ಏರ್ಪಾಟು. ಅಂದರೆ ಪ್ರತಿ ಸವಾರಿಯಲ್ಲೂ ಕುದುರೆ ತನ್ನ ಸಜ್ಜನ್ನು ತಾನೇ ಉಪ್ಪು, ಸೋಪು ಹಾಕಿ ಒಗೆಯುತ್ತಿರುತ್ತದೆ. ಬೂದುಬಿಳಿ ಕುದುರೆಯ ಕೆನ್ನೆಯ ಕಂದುಗೆರೆಗೂ ಸವಾರನ ಬ್ರೀಚಸ್ಸಿನ ಕಲೆಗೂ ಇದೇ ಮೂಲ.

ಎಲ್ಲ ಕಲೆಯೂ ಬಣ್ಣವಲ್ಲ. ಬಕ್ಕಲಿನ ಸುತ್ತ ಮೂಡುವ ಕರಿ ಮಚ್ಚೆಯನ್ನು ನೋಡಿ "ಕಪ್ಪು ಬಣ್ಣ ಬಳಿದು ಕಂದು ಮಾಡಿದ್ದಾರೆ, ಮೋಸ" ಎಂದು ಜಗಳಕ್ಕೆ ಹೋದವರನ್ನು ಕಂಡಿದ್ದೇನೆ. ಅದು ಕಬ್ಬಿಣ ಮತ್ತು ತೊಗಟೆಯ ಒಗರು ಒದ್ದೆಯಲ್ಲಿ ಕೂಡಿ ಆದ ಕಪ್ಪು. ಅಳಲೆಕಾಯಿ ಒಗರಿನ ಬಟ್ಟೆಯ ಮೇಲೆ ತುಕ್ಕುಕಬ್ಬಿಣ-ಬೆಲ್ಲದ ನೀರು ಎಳೆದರೆ ಕಲಂಕಾರಿಯ ಕಪ್ಪು ಗೆರೆ ಬರುವುದೂ ಹೀಗೆಯೇ. ಮೋಸವೇನಿದ್ದರೂ ಬಕ್ಕಲಿನದು, ಮೇಲೆ ಬಳಿದ ನಿಕ್ಕಲ್ ಸವೆದು ಕಬ್ಬಿಣ ಹಣಕಿದೆ.

ಉಳಿದ ಮದ್ದುಗಳಿಗೆ ಹೆಚ್ಚು ಮಾತು ಬೇಡ. ಹದಗೊಂಡ ತೊಗಲು ಹುಳಿ ಸ್ವಭಾವದ್ದು, ಪಿಎಚ್ 3ರಿಂದ 5ರ ಆಸುಪಾಸು. ಸೋಡಾ ಕ್ಷಾರ. ತಿಕ್ಕಿದರೆ ಒಗರು ಸಡಿಲಗೊಂಡು ತೊಗಲು ಕಪ್ಪಾಗುತ್ತದೆ. ಬಟ್ಟಲಲ್ಲಿ ಹಾಕಿ ಪಕ್ಕದಲ್ಲಿಟ್ಟರೆ ಬಾಧಕವಿಲ್ಲ, ಇದ್ದಿಲಿನ ಚೂರೂ ಆದೀತು. ಬಿಸಿಲಿಗೆ ಹಾಕಿದರೆ ತೊಗಲು ಹಪ್ಪಳವಾಗುತ್ತದೆ. ನುಸಿಗುಳಿಗೆಯಂತೂ ಒಂದು ನಾತದ ಮೇಲೆ ಇನ್ನೊಂದು, ಅದೂ ಬಿಡದಂಥದ್ದು. ಇಂಥ ಗುಳಿಗೆ-ಪುಡಿಗಳಿಂದ ಅಪಾಯವೂ ಉಂಟು: ಬೂಷ್ಟು ತಡೆಯಲು ಸೋಫಾಗಳೊಳಗೆ ಡೈಮೀಥೈಲ್ ಫ್ಯೂಮರೇಟ್ ಪುಡಿಯ ಪೊಟ್ಟಣ ಇಟ್ಟು, ಯುರೋಪಿನಲ್ಲಿ ಅವುಗಳ ಮೇಲೆ ಕೂತ ಹಲವರ ಚರ್ಮ ಬೊಬ್ಬೆ ಎದ್ದು, 2009ರಲ್ಲಿ ಅಲ್ಲಿ ಅದನ್ನು ನಿಷೇಧಿಸಬೇಕಾಯಿತು.

ಮಳೆಗಾಲದಲ್ಲಿ ಇನ್ನೊಂದು ಗಾಬರಿ, ಬಿಳಿ ಪೊರೆ. ಕಂಡದ್ದೆಲ್ಲ ಬೂಷ್ಟಲ್ಲ. ತೊಗಲಿನೊಳಗಿನ ಕೊಬ್ಬು ತಣ್ಣಗಾದಾಗ ಮೇಲೆದ್ದು ಹೆಪ್ಪುಗಟ್ಟುವುದುಂಟು. ಕೂದಲು ಒಣಗಿಸುವ ಯಂತ್ರದಿಂದ ಸ್ವಲ್ಪ ಬೆಚ್ಚನೆ ಗಾಳಿ ಬಿಟ್ಟರೆ ಕೊಬ್ಬು ಕರಗಿ ಮಾಯವಾಗುತ್ತದೆ, ಬೂಷ್ಟು ಅಲ್ಲೇ ಇರುತ್ತದೆ.

ನಾವು ಕೊನೆಗೆ ಮಾಡಿದ್ದು ಸೈಸ್ ಹೇಳಿದಂತೆ. ಬಕ್ಕಲುಗಳನ್ನೆಲ್ಲ ಬಿಚ್ಚಿ, ಬಿಳಿ ಪಂಚೆಯ ತುಂಡು ಒದ್ದೆ ಮಾಡಿ ಹಿಂಡಿ, ಗ್ಲಿಸರಿನ್ ಸೋಪು ಸವರಿ, ಒಂದೊಂದೇ ಪಟ್ಟಿಯನ್ನು ಒರೆಸಿದೆವು. ಮೊದಲ ದಿನ ಬಟ್ಟೆ ಇಟ್ಟಿಗೆ ಬಣ್ಣ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ ತೂಗುಹಾಕಿ, ಎರಡು ದಿನ ಬಿಟ್ಟು ಮತ್ತೆ. ನಾಲ್ಕನೆಯ ಸಲಕ್ಕೆ ಬಟ್ಟೆ ತೆಳು ಚಹಾದ ಬಣ್ಣಕ್ಕೆ ಇಳಿಯಿತು, ಆಮೇಲೆ ತೆಳುವಾಗಿ ಜೇನುಮೇಣದ ಮುಲಾಮು. ಮೊದಲ ಕೆಲವು ಸವಾರಿಗೆ ಬೂದುಬಿಳಿ ಹೆಣ್ಣುಕುದುರೆ ಬೇಡವೆಂದು ಕಪ್ಪು ಕುದುರೆಗೇ ತೊಡಿಸಿದರು.

ಮೂರು ವಾರದ ಮೇಲೆ ಮಗಳು ಪಟ್ಟಿಯನ್ನು ಮೂಗಿಗೆ ಹಿಡಿದು, ಮರದ ವಾಸನೆ ಬರ್ತಿದೆ ಅಪ್ಪ, ಅಂದಳು. ಲಾಯದ ಬೆಕ್ಕು ಮಾತ್ರ ಇವತ್ತಿಗೂ ಆ ಲಗಾಮು ತೂಗುವ ಗೂಟದ ಕೆಳಗೆ ಕೂತು ಮೇಲೆ ನೋಡುತ್ತಿರುತ್ತದೆ.