ಒಂದೇ ಲಿನಕ್ಸು, ಎರಡು ಕಂಪ್ಯೂಟರುಗಳು

2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿಗೆ ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿದರು. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಎಂಬ ಭದ್ರತೆಯ ಅಂಗವೂ, ಅವರ ಪಟ್ಟಿಯಲ್ಲಿ ಸೇರಿದ ಪ್ರೊಸೆಸರೂ ಯಂತ್ರದಲ್ಲಿ ಇರತಕ್ಕದ್ದು. ನಮ್ಮ ಮನೆಯ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದಕ್ಕೂ ಆ ಯೋಗ್ಯತೆಯಿರಲಿಲ್ಲ. ಮಗಳ ಪರೀಕ್ಷೆಯು ಹತ್ತಿರಕ್ಕೆ ಬಂದಿತ್ತು. ಹೊಸದನ್ನು ಕೊಳ್ಳುವಷ್ಟು ಹಣವು ಕೈಯಲ್ಲಿರಲಿಲ್ಲ. ತಂಗಿಯ ಮಗನು, "ಲಿನಕ್ಸ್ ಹಾಕಿಬಿಡೋಣ, ಮಾವ, ಕಾಸಿನ ಖರ್ಚಿಲ್ಲ" ಎಂದನು. ತನ್ನಲ್ಲಿದ್ದ ಹಳೆಯ ಪೆನ್‌ಡ್ರೈವೊಂದರಿಂದಲೇ ಎರಡಕ್ಕೂ ಹಾಕಿದನು. ಮೊದಲನೆಯದರಲ್ಲಿ ಕೆಲಸವು ಹೂವೆತ್ತಿದಂತೆ ಆಯಿತು. ಎರಡನೆಯದು ಮಗಳದು, ಅದರಲ್ಲಿ ಪರದೆಯೇನೋ ಬೆಳಗಿತು, ವೈಫೈ ಮಾತ್ರ ಇಲ್ಲವೇ ಇಲ್ಲ. ಅವಳ ಪಾಠಗಳೆಲ್ಲವೂ ಇಂಟರ್ನೆಟ್ಟಿನಲ್ಲಿದ್ದುವು. ಹಳೆಯ ವಿಂಡೋಸನ್ನು ನಾವು ಆಗಲೇ ಅಳಿಸಿಬಿಟ್ಟಿದ್ದೆವು!

ಒಂದೇ ಪೆನ್‌ಡ್ರೈವು, ಒಂದೇ ಕೈ. ಹೀಗಿರಲು ಒಂದರಲ್ಲಿ ನಡೆದುದು ಇನ್ನೊಂದರಲ್ಲಿ ಏಕೆ ನಡೆಯಲಿಲ್ಲ? ಅಂದಿನಿಂದ ನಾನು ಕೇಳಿಯೂ ಓದಿಯೂ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇನೆ.

ಕಂಪ್ಯೂಟರನ್ನು ನಾವು ಒಂದು ವಸ್ತುವೆಂದು ಎಣಿಸುತ್ತೇವೆ. ನಿಜವಾಗಿ ಅದೊಂದು ಅವಿಭಕ್ತ ಕುಟುಂಬವು. ಮೇಲೆ ಬರೆದ ಹೆಸರು ಒಬ್ಬರದು. ಒಳಗಿನ ವೈಫೈ ಚಿಪ್ಪು ಮತ್ತೊಬ್ಬರದು, ಚಿತ್ರವನ್ನು ಮೂಡಿಸುವ ಚಿಪ್ಪು ಇನ್ನೊಬ್ಬರದು, ಧ್ವನಿಯದು ಬೇರೊಬ್ಬರದು. ಹೊರಗೆ ಒಂದೇ ಬಗೆಯಾಗಿ ತೋರುವ ಎರಡು ಲ್ಯಾಪ್‌ಟಾಪುಗಳ ಒಡಲಿನಲ್ಲಿ ಬೇರೆ ಬೇರೆ ಚಿಪ್ಪುಗಳಿರಬಹುದು. ಒಂದೊಂದಕ್ಕೂ ಆಜ್ಞೆ ಮಾಡುವ ಭಾಷೆಯು ಬೇರೆ. ಆಪರೇಟಿಂಗ್ ಸಿಸ್ಟಮ್ಮಿನ ಹೃದಯದಂತಿರುವ ಕರ್ನೆಲ್ ಎಂಬ ಭಾಗವು ಈ ಚಿಪ್ಪುಗಳೊಡನೆ ಡ್ರೈವರ್ ಎಂಬ ದುಭಾಷಿಯ ಮೂಲಕವೇ ಮಾತನಾಡಬೇಕು. ದುಭಾಷಿಯಿಲ್ಲದಿದ್ದರೆ ಚಿಪ್ಪು ಇದ್ದೂ ಇಲ್ಲದಂತೆ.

ವಿಂಡೋಸಿಗಾದರೆ ಸಾಮಾನ್ಯವಾಗಿ ಚಿಪ್ಪನ್ನು ಮಾಡಿದವರೇ ಡ್ರೈವರನ್ನೂ ಬರೆದುಕೊಡುತ್ತಾರೆ. ಕೊಡದಿದ್ದರೆ ಅವರ ಸರಕು ಮಾರಾಟವಾಗದು. ಲಿನಕ್ಸಿನ ವಿಷಯದಲ್ಲಿ ಎಲ್ಲರಿಗೂ ಆ ಅಕ್ಕರೆಯಿಲ್ಲ. ಇಂಟೆಲ್ ಸಂಸ್ಥೆಯವರು ತಾವೇ ಬರೆದು ಕರ್ನೆಲ್ಲಿಗೆ ಸೇರಿಸುತ್ತ ಬಂದಿದ್ದಾರೆ. ಬ್ರಾಡ್‌ಕಾಮ್ ವೈಫೈ ಚಿಪ್ಪುಗಳ ಗುಟ್ಟನ್ನಾದರೋ ಸ್ವಯಂಸೇವಕರು ಹೊರಗಿನಿಂದ ಪರೀಕ್ಷೆಮಾಡಿಯೇ ಕಂಡುಹಿಡಿಯಬೇಕಾಯಿತು. ಆ ಸಂಸ್ಥೆಯು ತನ್ನ ಕೆಲವು ಹೊಸ ಚಿಪ್ಪುಗಳಿಗೆ ಮುಕ್ತವಾದ ಡ್ರೈವರನ್ನು ಕೊಟ್ಟುದು 2010ರಲ್ಲಿ. ಚಿತ್ರದ ಚಿಪ್ಪುಗಳಿಗೆ ಹೆಸರಾದ ಎನ್‌ವಿಡಿಯಾ ಸಂಸ್ಥೆಯ ಮೌನದಿಂದ ಬೇಸತ್ತ ಲಿನಕ್ಸಿನ ಜನಕ ಲೀನಸ್ ಟೋರ್ವಾಲ್ಡ್ಸರು 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಆಡಿದ ಮಾತು, ಮಕ್ಕಳೂ ಓದುವ ಈ ಪತ್ರಿಕೆಯಲ್ಲಿ ಅಚ್ಚು ಮಾಡುವಂತಹುದಲ್ಲ. ಹತ್ತು ವರ್ಷಗಳ ತರುವಾಯ, 2022ರಲ್ಲಿ, ಆ ಸಂಸ್ಥೆಯವರೂ ತಮ್ಮ ಡ್ರೈವರಿನಲ್ಲಿ ಕರ್ನೆಲ್ಲಿಗೆ ಸೇರತಕ್ಕ ಭಾಗದ ಮೂಲವನ್ನು ಪ್ರಕಟಿಸಿದರು.

ಡ್ರೈವರ್ ಒಂದಿದ್ದರೆ ಸಾಲದು. ಈಗಿನ ಅನೇಕ ಚಿಪ್ಪುಗಳು, ಫರ್ಮ್‌ವೇರ್ ಎಂಬ ಕಡತವೊಂದನ್ನು ಪ್ರತಿಸಲವೂ ಒಳಕ್ಕೆ ತುಂಬಿದ ಹೊರತು ಕೆಲಸಕ್ಕೆ ತೊಡಗುವುದಿಲ್ಲ. ಅದರ ಮೂಲಬರಹವನ್ನು ತಯಾರಕರು ಸಾಮಾನ್ಯವಾಗಿ ಯಾರಿಗೂ ತೋರಿಸರು. ಇಲ್ಲಿಯೇ ವಿತರಣೆ ವಿತರಣೆಗೆ ಭೇದವು ಹುಟ್ಟುವುದು. ಕರ್ನೆಲ್ಲಿನೊಡನೆ ಉಳಿದ ಸಲಕರಣೆಗಳನ್ನು ಕೂಡಿಸಿ ಕಟ್ಟಿದ ಒಂದೊಂದು ಕಟ್ಟಿಗೂ ವಿತರಣೆಯೆಂದು ಹೆಸರು. ಉಬುಂಟು, ಡೆಬಿಯನ್, ಫೆಡೋರಾ ಮೊದಲಾದವು ಅಂತಹವು. 1993ರಲ್ಲಿ ಹುಟ್ಟಿದ ಡೆಬಿಯನ್ನಿನವರು, ಮೂಲವನ್ನು ತೋರದ ಫರ್ಮ್‌ವೇರನ್ನು ತಮ್ಮ ಅಧಿಕೃತ ಕಟ್ಟಿನಲ್ಲಿ ಸೇರಿಸೆವೆಂದು ಬಹುಕಾಲ ಹಟ ಹಿಡಿದಿದ್ದರು. ಉಬುಂಟುವಿನವರು ಸೇರಿಸಿಕೊಂಡರು. ಆದಕಾರಣ ಒಂದೇ ಲ್ಯಾಪ್‌ಟಾಪಿನಲ್ಲಿ ಒಂದು ವಿತರಣೆಗೆ ವೈಫೈ ಒಲಿದು ಇನ್ನೊಂದಕ್ಕೆ ಮುನಿಯುತ್ತಿತ್ತು. 2022ರಲ್ಲಿ ಡೆಬಿಯನ್ನಿನ ಸದಸ್ಯರು ಮತ ಹಾಕಿ ಮನಸ್ಸನ್ನು ಬದಲಿಸಿದರು. 2023ರ ಜೂನ್ ತಿಂಗಳಲ್ಲಿ ಹೊರಟ ಡೆಬಿಯನ್ 12ರಿಂದ ಆ ಕಡತಗಳು ಕಟ್ಟಿನೊಳಗೇ ಬರುತ್ತಿವೆ. ಅವರ ಹಟವನ್ನು ಕಂಡು ನಾನು ನಗಲಾರೆ. ತನ್ನ ಮನೆಯೊಳಗೆ ಏನು ನಡೆಯುತ್ತಿದೆಯೆಂಬುದು ಯಜಮಾನನಿಗೆ ತಿಳಿದಿರಬೇಕೆನ್ನುವುದು ನ್ಯಾಯವೇ ಸರಿ. ಆದರೆ ಪರೀಕ್ಷೆಯ ಹಿಂದಿನ ವಾರ ಆ ನ್ಯಾಯವು ರುಚಿಸುವುದಿಲ್ಲ. ನಮ್ಮ ಪೆನ್‌ಡ್ರೈವಿನಲ್ಲಿದ್ದುದೂ ಹಾಗೆ ಫರ್ಮ್‌ವೇರಿಲ್ಲದ ಒಂದು ಹಳೆಯ ಕಟ್ಟು.

ಕಾಲವೂ ಒಂದು ಕಾರಣವು. ಕೆಲವು ವಿತರಣೆಗಳು ಒಂದು ಕರ್ನೆಲ್ಲನ್ನು ಆರಿಸಿ ವರ್ಷಗಟ್ಟಲೆ ಇಟ್ಟುಕೊಳ್ಳುವುವು. ಆಮೇಲೆ ಪೇಟೆಗೆ ಬಂದ ಚಿಪ್ಪಿನ ಪರಿಚಯವು ಅದಕ್ಕಿರದು. ಆದುದರಿಂದ ನಿನ್ನೆ ಕೊಂಡ ಯಂತ್ರವು ನಾಲ್ಕು ವರ್ಷದ್ದಕ್ಕಿಂತ ಹೆಚ್ಚು ಕಾಡಬಹುದು. ಮುಪ್ಪಿನ ಯಂತ್ರಗಳ ಕಷ್ಟವು ಬೇರೆ. ಟೋರ್ವಾಲ್ಡ್ಸರು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದಾಗ ಲಿನಕ್ಸನ್ನು ಬರೆಯತೊಡಗಿದುದು ತಮ್ಮ 386 ಪ್ರೊಸೆಸರಿನ ಯಂತ್ರಕ್ಕಾಗಿ. 2013ರಲ್ಲಿ ಬಂದ 3.8ನೆಯ ಕರ್ನೆಲ್ಲಿನಲ್ಲಿ ಆ 386ಕ್ಕೇ ಜಾಗ ತಪ್ಪಿತು! 32 ಬಿಟ್ಟಿನ ಯಂತ್ರಗಳಿಗೂ ಈಗ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಇನ್ನು ಕೆಲವು ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲುಗಾರನಿದ್ದು, ತಾನರಿತ ಮುದ್ರೆಯಿಲ್ಲದ ಲಿನಕ್ಸನ್ನು ಹೊಸ್ತಿಲಲ್ಲೇ ತಡೆಯುತ್ತಾನೆ. ದೊಡ್ಡ ವಿತರಣೆಗಳು ಆ ಮುದ್ರೆಯನ್ನು ಪಡೆದಿವೆ.

ನಾವು ಮಾಡಿದ ತಪ್ಪು ಅವಸರದ್ದು. ಬಹುಪಾಲು ವಿತರಣೆಗಳನ್ನು, ಹಳೆಯದನ್ನು ಅಳಿಸದೆ, ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ವೈಫೈ, ಧ್ವನಿ, ಕ್ಯಾಮರಾ ಇವನ್ನು ಪರೀಕ್ಷಿಸಿ, ಮುಚ್ಚಳವನ್ನು ಒಮ್ಮೆ ಮುಚ್ಚಿ ತೆರೆದಾಗ ಯಂತ್ರವು ಎಚ್ಚರಗೊಳ್ಳುವುದೇ ಎಂದು ನೋಡುವುದಕ್ಕೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ಉಳಿಸಹೋಗಿ ನಾವು ಎರಡು ರಾತ್ರಿಗಳನ್ನು ಕಳೆದೆವು.

ಮೂರನೆಯ ದಿನ ಹುಡುಗನು ತನ್ನ ಮೊಬೈಲನ್ನು ತಂತಿಯಿಂದ ಲ್ಯಾಪ್‌ಟಾಪಿಗೆ ಸೇರಿಸಿ, ಮೊಬೈಲಿನ ಇಂಟರ್ನೆಟ್ಟನ್ನೇ ಅದಕ್ಕೆ ಹರಿಸಿ, ಬೇಕಾಗಿದ್ದ ಫರ್ಮ್‌ವೇರನ್ನು ತರಿಸಿಕೊಂಡನು. ಯಂತ್ರವನ್ನು ಆರಿಸಿ ಹಚ್ಚಿದೊಡನೆ ಮನೆಯ ವೈಫೈ ಹೆಸರು ಪರದೆಯ ಮೇಲೆ ಮೂಡಿತು. ಮಗಳು ಮಾತಿಲ್ಲದೆ ಯಂತ್ರವನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಬೆರಳೊತ್ತಿ ಬೀಗ ತೆಗೆಯುವ ಗುಂಡಿಯೊಂದು ಮಾತ್ರ ಈ ಹೊತ್ತಿಗೂ ಮೂಕವಾಗಿಯೇ ಇದೆ. ಅದರ ದುಭಾಷಿಯನ್ನು ಇನ್ನೂ ಯಾರೂ ಬರೆದಿಲ್ಲವಂತೆ.