ವಿಕ್ಟೋರಿಯಾ ಯುಗದ ಶಾಲಾ ಕಟ್ಟಡಗಳ ಪಾರಂಪರಿಕ ಮೌಲ್ಯ: ಲಂಡನ್ನಿನ ಬೋರ್ಡ್ ಶಾಲೆಗಳು

ಚಾರಿತ್ರಿಕ ಕಟ್ಟಡವೊಂದರ ಮೌಲ್ಯವನ್ನು ನಿರ್ಧರಿಸುವಾಗ ಅದರ ಮುಂಭಾಗ, ಗೋಪುರ, ಅಲಂಕರಣಗಳಿಗೆ ಪ್ರಾಶಸ್ತ್ಯ ಕೊಡುವುದು ವಾಡಿಕೆ. ಶಾಲಾ ಕಟ್ಟಡಗಳ ಮಟ್ಟಿಗೆ ಈ ಕ್ರಮ ಸಾಲದು. ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ ತಲೆಯೆತ್ತಿದ ಲಂಡನ್ನಿನ ಬೋರ್ಡ್ ಶಾಲೆಗಳು ಇದಕ್ಕೆ ನಿದರ್ಶನ.

1870ರ ಪ್ರಾಥಮಿಕ ಶಿಕ್ಷಣ ಕಾಯಿದೆಯ ಅನ್ವಯ ರಚನೆಗೊಂಡ ಲಂಡನ್ ಸ್ಕೂಲ್ ಬೋರ್ಡ್, 1904ರಲ್ಲಿ ರದ್ದಾಗುವ ವೇಳೆಗೆ 400ಕ್ಕೂ ಮಿಕ್ಕಿ ಶಾಲೆಗಳನ್ನು ಕಟ್ಟಿಸಿತ್ತು. 1871ರಲ್ಲಿ ಅದರ ವಾಸ್ತುಶಿಲ್ಪಿಯಾಗಿ ನೇಮಕಗೊಂಡ ಇ. ಆರ್. ರಾಬ್ಸನ್ ಯುರೋಪಿನ ಶಾಲೆಗಳನ್ನು ಅಭ್ಯಸಿಸಿ 1874ರಲ್ಲಿ ‘ಸ್ಕೂಲ್ ಆರ್ಕಿಟೆಕ್ಚರ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಅದುವರೆಗೆ ಇಂಗ್ಲೆಂಡಿನ ಶಾಲೆಗಳಲ್ಲಿ ಗಾಥಿಕ್ ಶೈಲಿಯೇ ಪ್ರಚುರವಾಗಿತ್ತು. ಅದು ಚರ್ಚಿನ ಶೈಲಿ. ಬೋರ್ಡ್ ಶಾಲೆಗಳಲ್ಲಾದರೋ ಯಾವುದೇ ಪಂಗಡದ ಧರ್ಮಸೂತ್ರವನ್ನು ಬೋಧಿಸುವಂತಿರಲಿಲ್ಲ. ಆದಕಾರಣ ಇಟ್ಟಿಗೆಯ ಗೋಡೆ, ತ್ರಿಕೋನಾಕಾರದ ಎತ್ತರದ ಮುಮ್ಮುಖ, ಬಿಳಿಯ ಚೌಕಟ್ಟಿನ ನೀಳ ಕಿಟಕಿಗಳುಳ್ಳ ‘ಕ್ವೀನ್ ಆ್ಯನ್’ ಶೈಲಿಯನ್ನು ರಾಬ್ಸನ್ ಆರಿಸಿಕೊಂಡನು. ಇಲ್ಲಿ ಶೈಲಿಯೆಂಬುದು ಕೇವಲ ಅಭಿರುಚಿಯ ಪ್ರಶ್ನೆಯಾಗಿರದೆ ಶಿಕ್ಷಣ ನೀತಿಯ ಘೋಷಣೆಯೂ ಆಗಿತ್ತು. ಆರ್ಥರ್ ಕಾನನ್ ಡಾಯ್ಲ್‌ನ ಪತ್ತೇದಾರನು 1893ರ ಕಥೆಯೊಂದರಲ್ಲಿ ರೈಲಿನಿಂದ ಕಂಡ ಈ ಶಾಲೆಗಳನ್ನು ದೀಪಸ್ತಂಭಗಳಿಗೆ ಹೋಲಿಸುವುದು ಅಕಾರಣವಲ್ಲ.

ಆದರೆ ಇವುಗಳ ನಿಜವಾದ ಸತ್ತ್ವವಿರುವುದು ಒಳಗೆ. ಹಳೆಯ ಪದ್ಧತಿಯಲ್ಲಿ ಹಲವು ತರಗತಿಗಳು ಒಂದೇ ದೊಡ್ಡ ಕೋಣೆಯಲ್ಲಿ ನಡೆಯುತ್ತಿದ್ದವು. ತರಗತಿಗೊಂದು ಕೊಠಡಿ ಎಂಬ ಪ್ರಷ್ಯಾದ ಕ್ರಮ ಮೆಲ್ಲಮೆಲ್ಲನೆ ನೆಲೆಗೊಂಡಿತು. 1884ರಲ್ಲಿ ರಾಬ್ಸನ್ನನ ಸ್ಥಾನಕ್ಕೆ ಬಂದ ಟಿ. ಜೆ. ಬೇಲಿಯ ಕಾಲಕ್ಕೆ, ಪ್ರತಿ ಅಂತಸ್ತಿನಲ್ಲೂ ನಡುವೆ ಸಭಾಂಗಣ, ಅದಕ್ಕೆ ಹೊಂದಿಕೊಂಡು ಕೊಠಡಿಗಳು ಎಂಬ ವಿನ್ಯಾಸ ರೂಢಿಗೆ ಬಂದಿತು. ನೆಲ ಅಂತಸ್ತು ಶಿಶುವರ್ಗಕ್ಕೆ, ಮೇಲಿನವು ಬಾಲಕಿಯರಿಗೂ ಬಾಲಕರಿಗೂ ಮೀಸಲು. ಅವರವರ ಬಾಗಿಲ ಮೇಲೆ ಆಯಾ ಹೆಸರು ಕೆತ್ತಲಾಗಿದ್ದು, ಅನೇಕ ಕಡೆ ಇಂದಿಗೂ ಓದಬಹುದಾಗಿದೆ. ಬರೆಯುವ ಬಲಗೈಯ ನೆರಳು ಹಾಳೆಯ ಮೇಲೆ ಬೀಳದಿರಲೆಂದು ಬೆಳಕು ಎಡಗಡೆಯಿಂದ ಬರಬೇಕೆಂಬುದು ರಾಬ್ಸನ್ನನ ಆಗ್ರಹ. ಕಿಕ್ಕಿರಿದ ಕೊಠಡಿಗಳಿಗೆ ಗಾಳಿ ಸಾಲಬೇಕೆಂದು ಮಾಡನ್ನು ಎತ್ತರಿಸಲಾಯಿತು. ಜಾಗ ಸಾಲದ ಕಡೆ ಆಟದ ಬಯಲು ತಾರಸಿಗೇರಿತು!

ಇವುಗಳಲ್ಲಿ ಅನೇಕ ಕಟ್ಟಡಗಳು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿ ಕಾನೂನಿನ ರಕ್ಷಣೆ ಪಡೆದಿವೆ. ಹಲವು ಇನ್ನೂ ಶಾಲೆಗಳಾಗಿಯೇ ಉಳಿದಿವೆ. ಮತ್ತೆ ಕೆಲವು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದೀಚೆಗೆ ವಸತಿಗೃಹಗಳಾಗಿ ಪರಿವರ್ತನೆಗೊಂಡಿವೆ. ಇಂಥ ಪರಿವರ್ತನೆಯಲ್ಲಿ ಮುಂಭಾಗ ಮುಕ್ಕಾಗದೆ ಉಳಿಯುವುದುಂಟು. ಎತ್ತರದ ಕೊಠಡಿಯ ನಡುವೆ ಹೊಸ ಅಟ್ಟ ಹಾಕಿದರೆ ಮಾತ್ರ ಕಿಟಕಿಯ ಬೆಳಕು ಎರಡಾಗಿ ತುಂಡಾಗುತ್ತದೆ. ಸಭಾಂಗಣವನ್ನು ಗೋಡೆಗಳಿಂದ ಸೀಳಿದರೆ ಕೊಠಡಿಗಳಿಗೂ ಅದಕ್ಕೂ ಇದ್ದ ಸಂಬಂಧವೇ ಕಾಣದಾಗುತ್ತದೆ. ಹೊರಗಿನ ಛಾಯಾಚಿತ್ರಗಳಲ್ಲಿ ಈ ನಷ್ಟ ದಾಖಲಾಗುವುದಿಲ್ಲ. ಅಂತಸ್ತುಗಳ ನಕ್ಷೆ ಮತ್ತು ಅಡ್ಡಕೊಯ್ತದ ಚಿತ್ರಗಳನ್ನು ಮೂಲ ವಿನ್ಯಾಸದೊಂದಿಗೆ ಹೋಲಿಸಿದಾಗಲೇ ಅದು ಗೋಚರಿಸುತ್ತದೆ.